ಲೆವೆಲ್ 2ರ ಪಾರ್ಟಿಗೆ ಮೊದಲ ಮ್ಯಾಜಿಕ್ ವಸ್ತು ಯಾವುದು ಕೊಡಲಿ?

ಕಂದೀಲು:
ದಾಳ ಹಾಕಿ ಕಥೆ ಕಟ್ಟಿ ಆಡುವ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟ, 5ನೇ ಆವೃತ್ತಿ, 2014ರ ನಿಯಮ; ಆಟ ನಡೆಸುವುದು ನಾನು. ಪಾರ್ಟಿಯಲ್ಲಿ (ಪಾತ್ರಗಳ ತಂಡ) ಫೈಟರ್ (ಯೋಧ), ರೋಗ್ (ಚಾಲಾಕಿ ಕಳ್ಳ), ಕ್ಲೆರಿಕ್ (ದೈವಬಲದ ಪುರೋಹಿತ), ವಿಝರ್ಡ್ (ಮಂತ್ರವಾದಿ) ಇದ್ದಾರೆ. ಮುಂದಿನ ಗುಹೆಯ ಪೆಟ್ಟಿಗೆಯಲ್ಲಿ +1 ಕತ್ತಿ ಇಡೋಣ ಎಂದುಕೊಂಡಿದ್ದೇನೆ, ಆದರೆ ಅದು ಫೈಟರ್‌ಗೆ ಹೋಗುತ್ತದೆ, ಎಲ್ಲರಿಗೂ ದಕ್ಕುವುದಿಲ್ಲ. ಎಲ್ಲರ ಕೈಗೂ ಬರುವ, ಆಟ ಕೆಡಿಸದ ಸರಳ ವಸ್ತು ಯಾವುದು?

ಬಾವಿಕಟ್ಟೆ:
+1 ಅಂದರೆ ಇಪ್ಪತ್ತು ಏಟಿಗೆ ಒಂದು ಹೆಚ್ಚು ತಗಲುತ್ತದೆ, ತಗಲಿದಾಗ ಒಂದು ಡ್ಯಾಮೇಜ್ ಹೆಚ್ಚು. ಶೀಟ್‌ನಲ್ಲಿ ಬರೆದ ಮೇಲೆ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ಇಮ್ಮೂವಬಲ್ ರಾಡ್ (ಅಲುಗದ ಸರಳು) ಇಡಿ. ಒಂದು ಆ್ಯಕ್ಷನ್‌ನಲ್ಲಿ (ಒಂದು ಸರದಿಯ ಮುಖ್ಯ ಕೆಲಸ) ಗುಂಡಿ ಒತ್ತಿದರೆ ಗಾಳಿಯಲ್ಲೇ ನಿಲ್ಲುತ್ತದೆ, 8,000 ಪೌಂಡ್ ತಡೆಯುತ್ತದೆ. ಯಾರಾದರೂ ಸರಿಸಬೇಕೆಂದರೆ ಡಿಸಿ 30ರ ಸ್ಟ್ರೆಂತ್ ಚೆಕ್ (20 ಮುಖದ ದಾಳಕ್ಕೆ ಬಲದ ಅಂಕ ಸೇರಿಸಿ 30 ಮುಟ್ಟುವುದು) ಬೇಕು, ಗೆದ್ದರೂ ಸರಿಯುವುದು ಹೆಚ್ಚೆಂದರೆ 10 ಅಡಿ. ಒಳಕ್ಕೆ ತೆರೆಯುವ ಬಾಗಿಲಿಗೆ ಅಗುಳಿ, ಹಗ್ಗಕ್ಕೆ ಗೂಟ, ಕುಸಿಯುವ ಚಾವಣಿಗೆ ಆಸರೆ: ಫೈಟರ್, ವಿಝರ್ಡ್ ಹೀಗೆ ಯಾವ ಕ್ಲಾಸ್‌ನವರಾದರೂ ಬಳಸಬಹುದು. ಹಗ್ಗ ಕಟ್ಟಿ ಎಲ್ಲರೂ ಇಳಿದುಬಿಟ್ಟರೆ ರಾಡ್ ಮೇಲೆಯೇ ಉಳಿಯುತ್ತದೆ, ಅದನ್ನು ಆಟಗಾರರೇ ಕಂಡುಕೊಳ್ಳಲಿ. ಹಡಗಿನ ಮೇಲೆ ಒತ್ತಿದರೆ ರಾಡ್ ಹಡಗಿನ ಜೊತೆ ಸಾಗುತ್ತದೋ, ಹಡಗನ್ನೇ ಸೀಳುತ್ತದೋ ಎಂದು ಮೊದಲೇ ತೀರ್ಮಾನಿಸಿಡಿ. ನಿಯಮದಲ್ಲಿ ಅದಕ್ಕೆ ಉತ್ತರವಿಲ್ಲ.

ಜೋಳಿಗೆ:
ರಾಡ್ ಜೊತೆಗೆ ಎರಡು ಹೀಲಿಂಗ್ ಪೋಶನ್ (ಗಾಯ ಮಾಯಿಸುವ ಮದ್ದು) ಇಡಿ. ಅಂಗಡಿಯಲ್ಲಿ ಒಂದಕ್ಕೆ 50 ಚಿನ್ನದ ನಾಣ್ಯ. ಹರ್ಬಲಿಸಂ ಕಿಟ್ (ಗಿಡಮೂಲಿಕೆಯ ಸಲಕರಣೆ) ಬಲ್ಲವರು 25 ಚಿನ್ನ, ಒಂದು ದಿನದಲ್ಲಿ ಮಾಡಬಹುದು (ಇದು 2017ರ ಪೂರಕ ನಿಯಮ). ಮರಳುವ ಪ್ರಾಣಬಲ 2ಡಿ4+2 (ನಾಲ್ಕು ಮುಖದ ಎರಡು ದಾಳದ ಮೊತ್ತಕ್ಕೆ 2 ಸೇರಿಸಿ), ಸರಾಸರಿ 7. ಪ್ರಾಣಬಲ ಸೊನ್ನೆಗೆ ಬಿದ್ದ ಕ್ಲೆರಿಕ್‌ನನ್ನು ಎಬ್ಬಿಸಲು ಅಷ್ಟು ಸಾಕು, ಅದೂ ಸ್ಪೆಲ್ (ಮಂತ್ರ) ಇಲ್ಲದವರ ಕೈಯಿಂದ.

ತಪ್ಪುವುದು ಎರಡು ಕಡೆ. ಲೆವೆಲ್ 3ರಲ್ಲಿ ಥೀಫ್ ಶಾಖೆ ಹಿಡಿದ ರೋಗ್ ತನ್ನ ಚುರುಕುಗೈ ಗುಣವಾದ ಫಾಸ್ಟ್ ಹ್ಯಾಂಡ್ಸ್‌ನಿಂದ ಬೋನಸ್ ಆ್ಯಕ್ಷನ್‌ನಲ್ಲಿ (ಅದೇ ಸರದಿಯ ಹೆಚ್ಚುವರಿ ಕಿರುಕೆಲಸ) ಪೋಶನ್ ಕುಡಿಸುತ್ತೇನೆ ಅನ್ನುತ್ತಾರೆ. ಆಗದು, ಮ್ಯಾಜಿಕ್ ವಸ್ತುವಿಗೆ ಅದು ಅನ್ವಯಿಸುವುದಿಲ್ಲ. ಇನ್ನೊಂದು, ಪೋಶನ್‌ಗಳನ್ನು ಒಳಗೆ ಹೊರಗಿಗಿಂತ ದೊಡ್ಡದಾದ ಮ್ಯಾಜಿಕ್ ಚೀಲ ಬ್ಯಾಗ್ ಆಫ್ ಹೋಲ್ಡಿಂಗ್‌ಗೆ ತುಂಬುವುದು. ತೆಗೆಯಲು ಒಂದು ಆ್ಯಕ್ಷನ್, ಕುಡಿಸಲು ಇನ್ನೊಂದು; ಅಷ್ಟರಲ್ಲಿ ಒಂದು ಸುತ್ತು ಹೋಯಿತು. ಸೊಂಟಪಟ್ಟಿಯಲ್ಲೇ ಇರಲಿ.

ಕಂದೀಲು:
ಹಾಗಾದರೆ ಆ ಬ್ಯಾಗ್ ಕೊಡಬಾರದೇ?

ಜೋಳಿಗೆ:
ಖಂಡಿತ ಕೊಡಿ. 500 ಪೌಂಡ್, 64 ಘನ ಅಡಿ ಹಿಡಿಯುತ್ತದೆ, ಹೊರುವ ತೂಕ ಯಾವಾಗಲೂ 15 ಪೌಂಡ್. ಆದರೆ ಚೂಪಾದದ್ದು ಚುಚ್ಚಿ ಹರಿದರೆ, ಅಥವಾ ಮಿತಿ ಮೀರಿ ತುಂಬಿದರೆ, ಒಳಗಿದ್ದದ್ದೆಲ್ಲ ಆಸ್ಟ್ರಲ್ ಪ್ಲೇನ್ (ಬೇರೊಂದು ಲೋಕ) ಪಾಲು. ಒಳಗೆ ಅಡಗಿದವರಿಗೆ ಗಾಳಿ 10 ನಿಮಿಷ, ಇಬ್ಬರಿದ್ದರೆ ತಲಾ 5.

ಒರೆಗಲ್ಲು:
ಕತ್ತಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ವೇರ್‌ವುಲ್ಫ್‌ಗೆ (ತೋಳಮಾನವ) ಬೆಳ್ಳಿಯದೋ ಮ್ಯಾಜಿಕ್ಕಿನದೋ ಅಲ್ಲದ ಆಯುಧ ನಾಟುವುದೇ ಇಲ್ಲ. ಫೈಟರ್ ಸುಮ್ಮನೆ ನಿಲ್ಲಬೇಕಾಗುತ್ತದೆ. ಅದಕ್ಕೆ +1 ಬೇಕಿಲ್ಲ, ಮೂನ್‌-ಟಚ್ಡ್ ಸ್ವೋರ್ಡ್ (ಚಂದ್ರಬೆಳಕಿನ ಕತ್ತಿ) ಸಾಕು. ಏಟಿಗೆ ಏನೂ ಸೇರಿಸುವುದಿಲ್ಲ, ಆದರೆ ಮ್ಯಾಜಿಕ್ ಆಯುಧ. ಕತ್ತಲಲ್ಲಿ ಒರೆಯಿಂದ ತೆಗೆದರೆ 15 ಅಡಿ ಪೂರ್ತಿ ಬೆಳಕು, ಅದರಾಚೆ 15 ಅಡಿ ಮಂದ ಬೆಳಕು. ಇಡೀ ಪಾರ್ಟಿಗೆ ದೀಪವೂ ಆಯಿತು.

ಬ್ರೂಮ್ ಆಫ್ ಫ್ಲೈಯಿಂಗ್ (ಹಾರುವ ಪೊರಕೆ) ಮಾತ್ರ ಈ ಹಂತದಲ್ಲಿ ಬೇಡವೇ ಬೇಡ. ಅದೂ ಬ್ಯಾಗ್‌ನಂತೆ ಅನ್‌ಕಾಮನ್ (ಸ್ವಲ್ಪ ಅಪರೂಪ) ಪಟ್ಟಿಯಲ್ಲೇ ಇದೆ, ಆದರೆ ಅಟ್ಯೂನ್‌ಮೆಂಟ್ (ವಸ್ತುವನ್ನು ತನ್ನದಾಗಿಸಿಕೊಳ್ಳುವ ವಿಧಿ) ಇಲ್ಲದೆ ಒಂದು ಸರದಿಗೆ 50 ಅಡಿ ಹಾರಾಟ. ಕಂದಕ, ಗೋಡೆ, ಬಿಲ್ಲಿಲ್ಲದ ಶತ್ರು ಯಾವುದೂ ಲೆಕ್ಕಕ್ಕೆ ಉಳಿಯುವುದಿಲ್ಲ.

ಕಂದೀಲು:
ರಾಡ್, ಚಂದ್ರಬೆಳಕಿನ ಕತ್ತಿ, ಎರಡು ಪೋಶನ್ ಎಂದು ಬರೆದುಕೊಂಡೆ. ವಸ್ತು ಗುರುತಿಸುವ ಐಡೆಂಟಿಫೈ ಸ್ಪೆಲ್ ಯಾರಲ್ಲೂ ಇಲ್ಲ. ಏನೆಂದು ಹೇಗೆ ತಿಳಿಯುತ್ತದೆ?

ಬಾವಿಕಟ್ಟೆ:
ಒಂದು ಶಾರ್ಟ್ ರೆಸ್ಟ್ (ಕಿರು ವಿಶ್ರಾಂತಿ) ಪೂರ್ತಿ ಒಬ್ಬರು ಒಂದೇ ವಸ್ತುವನ್ನು ಹಿಡಿದು ಗಮನವಿಟ್ಟು ಕೂತರೆ ಕೊನೆಗೆ ಅದರ ಗುಣ ಗೊತ್ತಾಗುತ್ತದೆ. ಪೋಶನ್‌ಗೆ ನಾಲಿಗೆಯ ತುದಿಯಲ್ಲಿ ರುಚಿ ನೋಡಿದರೆ ಸಾಕು.