ಫ್ರೀಸ್ಕೇಟ್ ಮೇಲೆ ನಿಂತ ಕೂಡಲೇ ಕಾಲೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ, ಏನು ಮಾಡಲಿ?

ತಾರಸಿರಾಣಿ:

ನನಗೆ 41 ವರ್ಷ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೆಚ್ಚಿಬೀಳಬೇಡಿ. ಊರು ಮೈಸೂರು. ಅಕ್ಕನ ಮಗ ಬೇಸಿಗೆ ರಜೆಗೆ ಬಂದವನು ಒಂದು ಜೊತೆ ಫ್ರೀಸ್ಕೇಟ್ ಇಲ್ಲೇ ಬಿಟ್ಟುಹೋದ. ನೋಡದೇ ಇದ್ದವರಿಗೆ: ಅಂಗೈಗಿಂತ ಸ್ವಲ್ಪ ದೊಡ್ಡ ಎರಡು ತಟ್ಟೆ, ಒಂದೊಂದರ ಕೆಳಗೂ ಎರಡೆರಡು ಗಾಲಿ, 72 ಮಿ.ಮೀ.ದು. ಬೆಲ್ಟ್ ಇಲ್ಲ, ಲೇಸ್ ಇಲ್ಲ, ಕಾಲನ್ನು ತಟ್ಟೆಗೆ ಕಟ್ಟಿಡುವಂಥದ್ದು ಏನೂ ಇಲ್ಲ. ಅಡ್ಡ ನಿಂತು ಪಕ್ಕಕ್ಕೆ ಹೋಗಬೇಕು.

ಹತ್ತು ದಿನದಿಂದ ಬೆಳಿಗ್ಗೆ ಆರಕ್ಕೆ ತಾರಸಿಯಲ್ಲಿ ಪ್ಯಾರಪೆಟ್ ಗೋಡೆ ಹಿಡಿದು ಒದ್ದಾಡುತ್ತಿದ್ದೇನೆ. ಹಿಡಿದಿರುವವರೆಗೆ ಪರವಾಗಿಲ್ಲ. ಕೈ ಬಿಟ್ಟ ಕೂಡಲೇ ಮುಂದಿನ ಕಾಲು, ನನಗೆ ಎಡಗಾಲು, ಬೆನ್ನಿನ ಕಡೆಗೆ ಹೋಗುತ್ತದೆ. ಹಿಂದಿನ ಕಾಲು ಎದೆಯ ಕಡೆಗೆ. ನಡುವೆ ನಾನು. ನಿನ್ನೆ ಒಂದು ಸ್ಕೇಟ್ ತಪ್ಪಿಸಿಕೊಂಡು ಹೋಗಿ ಅತ್ತೆ ಒಣಗಲು ಇಟ್ಟಿದ್ದ ಸಂಡಿಗೆ ಮೇಲೆ ಹಾಯಿತು. ಅವರು ಏನೂ ಅನ್ನಲಿಲ್ಲ, ಅದೇ ಭಯ.

ತೊಡೆಯಲ್ಲಿ ಶಕ್ತಿ ಸಾಲದೋ, ವಯಸ್ಸೋ, ಅಥವಾ ನಿಲ್ಲುವ ರೀತಿಯೇ ತಪ್ಪೋ?

ಸೈಕಲ್‌ಚೈನ್:

ಮೇಡಂ, ಮೊದಲು ತಾರಸಿಯಿಂದ ಇಳಿಯಿರಿ. ಪ್ಯಾರಪೆಟ್ ಗೋಡೆ ಸೊಂಟಕ್ಕಿಂತ ಕೆಳಗಿದ್ದರೆ ಅದು ಹಿಡಿದುಕೊಳ್ಳುವ ಗೋಡೆಯಲ್ಲ, ಮುಗ್ಗರಿಸಿದರೆ ಆಚೆ ಬೀಳಿಸುವ ಗೋಡೆ. ಅಲ್ಲದೆ ಮಳೆನೀರು ಹೋಗಲಿ ಅಂತ ತಾರಸಿಗೆ ವಾಟ ಕೊಟ್ಟಿರುತ್ತಾರೆ ಅಲ್ವಾ? ಕಣ್ಣಿಗೆ ಕಾಣಲ್ಲ, ಗಾಲಿಗೆ ಗೊತ್ತಾಗುತ್ತದೆ. ನಿಮ್ಮ ಸ್ಕೇಟ್ ಸಂಡಿಗೆ ಕಡೆಗೇ ಯಾಕೆ ಹೋಯಿತು, ಒಂದು ಚೊಂಬು ನೀರು ಸುರಿದು ನೋಡಿ.

ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ನೀ ಪ್ಯಾಡ್ ಹಾಕಿಕೊಳ್ಳಿ. ಬೀಳುವಾಗ ಕೈ ತಾನಾಗಿಯೇ ನೆಲಕ್ಕೆ ಹೋಗುತ್ತದೆ. ನಾನು ಮಣಿಕಟ್ಟಿನ ಗಾರ್ಡ್ ಹಾಕದೆ ಮೂರು ವಾರ ಎಡಗೈಯಲ್ಲಿ ಊಟ ಮಾಡಿದೆ. ಚಪ್ಪಟೆ ಅಟ್ಟೆಯ ಕ್ಯಾನ್ವಾಸ್ ಶೂ ಸಾಕು, ದಪ್ಪ ಮೆತ್ತನೆಯ ರನ್ನಿಂಗ್ ಶೂ ಬೇಡ.

ಕಡೆಗೋಲು:

ವಯಸ್ಸಿನ ಮಾತು ಬಿಡಿ, ನಾನು ನಿಮಗಿಂತ ಆರು ವರ್ಷ ದೊಡ್ಡವನು. ಅಂದಹಾಗೆ ಈ ಸ್ಕೇಟನ್ನು ಮಾಡಿದವರು ಸ್ಯಾನ್ ಫ್ರಾನ್ಸಿಸ್ಕೋದ ರಯಾನ್ ಫ್ಯಾರೆಲಿ. ಸ್ಕೇಟ್‌ಬೋರ್ಡನ್ನು ಸುಧಾರಿಸಲು ಹೋಗಿ ಕೊನೆಗೆ ಹಲಗೆಯನ್ನೇ ಎರಡು ಮಾಡಿಬಿಟ್ಟರು. ನಡುವಿನ ಹಲಗೆ ಮಾಡುತ್ತಿದ್ದ ಕೆಲಸ ಈಗ ನಿಮ್ಮ ಕಾಲಿಗೆ ಬಂದಿದೆ.

ನಿಮ್ಮ ತೊಂದರೆಯ ಮೂಲ ನಿಮ್ಮ ಮಾತಿನಲ್ಲೇ ಇದೆ. ಮುಂದಿನ ಕಾಲು ಬೆನ್ನಿನ ಕಡೆ, ಹಿಂದಿನದು ಎದೆಯ ಕಡೆ ಹೋಗುವುದು ಬೆರಳುಗಳು ಹೊರಕ್ಕೆ ತಿರುಗಿದಾಗ, ಬಾತುಕೋಳಿ ಥರ. ಗಾಲಿ ಪಾದಕ್ಕೆ ಅಡ್ಡವಾಗಿದೆ. ಪಾದ ಒಂದಿಷ್ಟು ತಿರುಗಿದರೂ ಗಾಲಿ ಅಷ್ಟೇ ತಿರುಗಿ, ನೋಡಿದ ಕಡೆಗೇ ಓಡುತ್ತದೆ. ಈಗ ಬೆರಳುಗಳನ್ನು ಒಳಕ್ಕೆ ತಿರುಗಿಸಿ ನೋಡಿ. ಕಾಲೆರಡೂ ವಾಪಸ್ ಬರುತ್ತವೆ, ಒಂದನ್ನೊಂದು ದಾಟಿ ಆಚೆ ಬದಿಗೂ ಹೋಗುತ್ತವೆ. ಅಲ್ಲಿ ಮತ್ತೆ ಹೊರಕ್ಕೆ. ಮುಂದಕ್ಕೆ ಹೋಗುವ ವಿದ್ಯೆ ಇಷ್ಟೇ! ಅಂದರೆ ನೀವು ಅರ್ಧ ಕಲಿತಿದ್ದೀರಿ, ವಾಪಸ್ ತರುವ ಅರ್ಧ ಬಾಕಿ ಇದೆ.

ನಮ್ಮಜ್ಜಿ ಮೊಸರು ಕಡೆಯುವಾಗ ಹಗ್ಗದ ಒಂದು ತುದಿ ಎಳೆದರೆ ಇನ್ನೊಂದು ತುದಿ ತಾನೇ ಹೋಗುತ್ತಿತ್ತಲ್ಲ, ಕಾಲೂ ಹಾಗೆಯೇ. ಒಂದು ಎಳೆತ, ಒಂದು ಬಿಡುವು. ಎಳೆತ ಸಣ್ಣದಾಗಿರಲಿ, ನಾಲ್ಕು ಬೆರಳಿನಷ್ಟು ಸಾಕು. ಮಂಡಿ ಸ್ವಲ್ಪ ಬಗ್ಗಿರಲಿ. ತಟ್ಟೆ ಪಾದದ ಗುಳಿಯ ಕೆಳಗೇ ಬರಲಿ. ಕೆಳಗೆ ನೋಡಬೇಡಿ, ನೋಡಿದರೆ ತಲೆ ಬಗ್ಗಿ ಭಾರವೆಲ್ಲ ಬೆರಳಿನ ಮೇಲೆ ಬೀಳುತ್ತದೆ.

ಒಂಟಿಗಾಲು:

ಎಲ್ಲರೂ ನಿಲ್ಲುವುದನ್ನೇ ಹೇಳುತ್ತಿದ್ದೀರಿ. ಅಕ್ಕ, ಮೊದಲು ಇಳಿಯುವುದನ್ನು ಕಲಿಯಿರಿ. ಇದಕ್ಕೆ ಬ್ರೇಕ್ ಇಲ್ಲ. ಆದರೆ ಕಾಲು ಕಟ್ಟಿಲ್ಲದೇ ಇರುವುದೇ ಅನುಕೂಲ, ಅನುಮಾನ ಬಂದ ಕೂಡಲೇ ನೆಲಕ್ಕೆ ಕಾಲಿಟ್ಟು ನಾಲ್ಕು ಹೆಜ್ಜೆ ಓಡಿಬಿಡಬಹುದು. ಸುಮ್ನೆ ಹತ್ತುವುದು, ಇಳಿಯುವುದು, ಇಪ್ಪತ್ತು ಸಲ. ಬೋರ್ ಹೊಡೆಯುತ್ತದೆ, ಆದರೂ ಮಾಡಿ. ನಮ್ಮ ಹುಡುಗರ ಗುಂಪಿನಲ್ಲಿ ಬಿದ್ದವರೆಲ್ಲ ಇಳಿಯಲು ತಡ ಮಾಡಿದವರೇ.

ತಾರಸಿರಾಣಿ:

ಮೂರು ವಾರ ಆಯಿತು, ಉತ್ತರ ಕೊಡದೆ ಇದ್ದದ್ದಕ್ಕೆ ಕ್ಷಮಿಸಿ. ಚೊಂಬು ನೀರು ಸುರಿದೆ. ನೇರ ಸಂಡಿಗೆ ಹಾಸಿದ್ದ ಮೂಲೆಗೇ ಹೋಯಿತು.

ಈಗ ಪಾರ್ಕಿನ ಬ್ಯಾಡ್ಮಿಂಟನ್ ಕೋರ್ಟಿಗೆ ಹೋಗುತ್ತಿದ್ದೇನೆ. ಕಾಂಕ್ರೀಟ್ ನೆಲ, ಸುತ್ತ ಎದೆಯ ಮಟ್ಟಕ್ಕೆ ಜಾಲರಿ ಬೇಲಿ. ಹೆಲ್ಮೆಟ್ ಮಗಳ ಸೈಕಲ್‌ದು, ಗುಲಾಬಿ ಬಣ್ಣ. ವಾಕಿಂಗ್ ಬರುವ ತಾತ ಒಬ್ಬರು ಮೊದಲೆರಡು ದಿನ ನಿಂತು ನೋಡಿದರು, ಮೂರನೇ ದಿನ "ಮಂಡಿ ಬಗ್ಗಿಸಮ್ಮ" ಅಂದರು. ಅವರಿಗೆ ಯಾರು ಹೇಳಿಕೊಟ್ಟರೋ!

ಬೆರಳು ಒಳಕ್ಕೆ ತಿರುಗಿಸುವುದು ಓದಲು ಸುಲಭ. ಮೊದಲ ವಾರ ತಿರುಗಿಸಿದಾಗಲೆಲ್ಲ ಸ್ಕೇಟೆರಡೂ ಟಣ್ ಅಂತ ಒಂದಕ್ಕೊಂದು ಬಡಿದವು. ಒಂದು ಸಲ ಕುಂಡೆ ಊರಿ ಕೂತುಬಿಟ್ಟೆ, ನೋವು ಇನ್ನೂ ಪೂರ್ತಿ ಹೋಗಿಲ್ಲ. ಆಮೇಲೆ ಗೊತ್ತಾಯಿತು, ನಾನು ಎರಡು ಕಾಲನ್ನೂ ಒಂದೇ ಗೆರೆಯಲ್ಲಿ ತೀರಾ ಹತ್ತಿರ ಇಡುತ್ತಿದ್ದೆ. ಭುಜದಷ್ಟು ಅಂತರ ಬಿಟ್ಟ ಮೇಲೆ ಬಡಿಯುವುದು ನಿಂತಿತು. ಕಡೆಗೋಲು ಅವರೇ, ಇದನ್ನು ನೀವು ಬರೆದಿರಲಿಲ್ಲ, ನೋಡಿ!

ಹಿಂದಿನ ಗೆರೆಯಿಂದ ನೆಟ್‌ವರೆಗೆ 6.7 ಮೀಟರ್. ಸೋಮವಾರ ಸರ್ವಿಸ್ ಗೆರೆಯವರೆಗೆ ಹೋದೆ, ಅದು 4.72. ಇವತ್ತು ಬೆಳಿಗ್ಗೆ ಬೇಲಿ ಮುಟ್ಟದೆ ನೆಟ್‌ವರೆಗೆ ಹೋದೆ. ಕೊನೆಗೆ ನೆಟ್ಟನ್ನೇ ಹಿಡಿದುಕೊಂಡೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಡಕ್ಕೆ ಮಾತ್ರ ಬರುತ್ತದೆ. ಬಲಕ್ಕೆ ಹೋಗಲು ನೋಡಿದರೆ ಮತ್ತೆ ಬಾತುಕೋಳಿ.