ಸಹಾಯ ಬೇಕು: ಕರೆಯದೇ ಇಳಿಯುತ್ತಿರುವ ನ್ಯೂಟ್ರೋಫಿಲ್‌ಗಳು

ಟ್ರಾನ್ಸ್‌ವೆಲ್ ಪ್ರಯೋಗ (ಪೊರೆ ದಾಟಿ ಎಷ್ಟು ಕೋಶ ಕೆಳಗಿಳೀತವೆ ಅಂತ ಎಣಿಸೋದು), ಶಿವಮೊಗ್ಗದ ಲ್ಯಾಬಲ್ಲಿ. 3 ಮೈಕ್ರಾನ್ ರಂಧ್ರದ ಪೊರೆ, ಮೇಲೆ 2 ಲಕ್ಷ ನ್ಯೂಟ್ರೋಫಿಲ್ (ಸೋಂಕಿನ ಕಡೆ ಧಾವಿಸೋ ಬಿಳಿರಕ್ತಕಣ), ಕೆಳಗೆ 10 ನ್ಯಾನೋಮೋಲಾರ್ ಎಫ್‌ಎಂಎಲ್‌ಪಿ (ಈ ಕೋಶಗಳನ್ನ ಸೆಳೆಯೋ ರಾಸಾಯನಿಕ), 37 ಡಿಗ್ರಿ, 60 ನಿಮಿಷ. ಕೆಳಗೆ ಬರೀ ಬಫರ್ ಇಟ್ಟರೂ ಹೆಚ್ಚುಕಮ್ಮಿ ಅಷ್ಟೇ ಕೋಶ ಇಳೀತಿವೆ. ಎಲೆ ಹಾಕೋ ಮೊದಲೇ ಪಂಕ್ತೀಲಿ ಕೂತ ಹಾಗೆ!

ಮೇಲೆ ಕೆಳಗೆ ಎರಡೂ ಕಡೆ ಎಫ್‌ಎಂಎಲ್‌ಪಿ ಹಾಕಿ ಸೆಳೆತದ ದಿಕ್ಕು ಅಳಿಸಿದರೂ ಎಣಿಕೆ ತಗ್ಗಲಿಲ್ಲ. ಅಂದರೆ ದಿಕ್ಕು ಹಿಡಿದ ಚಲನೆಯಲ್ಲ, ಸುಮ್ಮನೆ ಓಡಾಟ. ಫ್ಲೋ ಸೈಟೋಮೆಟ್ರಿಯಲ್ಲಿ (ಕೋಶಗಳ ಮೇಲ್ಮೈ ಪ್ರೋಟೀನ್ ಅಳೆಯೋ ವಿಧಾನ) ಸಿಡಿ62ಎಲ್ ಕಮ್ಮಿ, ಸಿಡಿ11ಬಿ ಜಾಸ್ತಿ; ಎರಡೂ ಕೋಶ ಕೆರಳಿದ ಗುರುತು. ಅಂದರೆ ರಕ್ತದಿಂದ ಬೇರ್ಪಡಿಸುವಾಗಲೇ ಕೆರಳಿವೆ. ರಕ್ತ ತೆಗೆದ 1 ಗಂಟೆಯೊಳಗೇ ಶುರುಮಾಡಿದ್ದು, ಹಳೇ ರಕ್ತ ಅನ್ನಬೇಡಿ. ಅನುಮಾನ ಬಫರ್‌ನ ಎಂಡೋಟಾಕ್ಸಿನ್ ಮೇಲೆ (ಬ್ಯಾಕ್ಟೀರಿಯಾದ ವಿಷ, ಹಬೆಯಲ್ಲಿ ಶುದ್ಧಿ ಮಾಡೋ ಮಾಮೂಲಿ ಆಟೋಕ್ಲೇವ್‌ಗೆ ಅದು ಜಗ್ಗಲ್ಲ), ಇಲ್ಲವೇ ಕೆಂಪುಕಣ ಒಡೆಯೋ ಹಂತದ ಮೇಲೆ.

ಶಿವಮೊಗ್ಗ, ಶಂಕರಘಟ್ಟದ ಕಡೆ ಯಾರ ಹತ್ರ ಎಲ್‌ಎಎಲ್ ಕಿಟ್ (ಎಂಡೋಟಾಕ್ಸಿನ್ ಪತ್ತೆ ಮಾಡೋದು) ಇದೆ? 2 ಮಿ.ಲೀ. ಬಫರ್ ತಂದುಕೊಡ್ತೀವಿ. ಕೆಂಪುಕಣ ಒಡೆಯದೆ ಬೇರ್ಪಡಿಸೋ ವಿಧಾನ ಗೊತ್ತಿದ್ದವರೂ ತಿಳಿಸಿ.