ಪದಚರ್ಚೆ: ‘ಪೇರೆಂಟ್ ಕ್ಯಾಟಗರಿ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸರಕು ಮತ್ತು ಲೆಕ್ಕಪತ್ರ ನೋಡಿಕೊಳ್ಳುವ ಒಂದು ಸಾಫ್ಟ್‌ವೇರಿನ ಪರದೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೆನು, ಬಟನ್ ಎಲ್ಲ ಸಲೀಸಾಗಿ ಮುಗಿದವು. ಸಿಕ್ಕಿಕೊಂಡದ್ದು ಕ್ಯಾಟಗರಿಯಲ್ಲಿ. ಅದರಲ್ಲೂ ಒಂದರೊಳಗೊಂದು ಕೂರುವ ಕ್ಯಾಟಗರಿಗಳಲ್ಲಿ: ಕಚೇರಿ ಸಾಮಾನು, ಅದರೊಳಗೆ ಕಾಗದ, ಅದರೊಳಗೆ ಲಕೋಟೆ, ಹೀಗೆ.

ಮೊದಲು ‘ವರ್ಗ’ ಅಂತ ಹಾಕಿದೆ. ಕನ್ನಡ ವಿಕಿಪೀಡಿಯದಲ್ಲೂ ಅದೇ ಇದೆ, ಒಂಟಿಯಾಗಿ ನಿಂತಾಗ ಒಳ್ಳೆಯ ಪದವೇ. ಪಕ್ಕದಲ್ಲಿ ಇನ್ನೊಂದು ಪದ ಬಂದ ಕೂಡಲೇ ಅದರ ಆಟ ಶುರು. ಎಲ್ಲಕ್ಕೂ ಮೇಲಿರುವ ‘ರೂಟ್ ಕ್ಯಾಟಗರಿ’ಗೆ ‘ಮೂಲವರ್ಗ’ ಅಂದೆ. ಪರದೆ ನೋಡಿದ ಗೆಳತಿ, ‘ಇಲ್ಲಿ ವರ್ಗಮೂಲದ ಲೆಕ್ಕ ಯಾಕೆ ಬಂತು?’ ಅಂದಳು. ‘ನೌಕರರ ವರ್ಗ’ ಅಂದರೆ ಯಾರನ್ನೋ ಎತ್ತಂಗಡಿ ಮಾಡಿದ ಹಾಗೆ ಕೇಳುತ್ತದೆ. ‘ವಿಭಾಗ’ ಹಾಕೋಣ ಅಂದರೆ ಅದು ಆಗಲೇ ‘ಡಿಪಾರ್ಟ್‌ಮೆಂಟ್’ಗೆ ಹೋಗಿಬಿಟ್ಟಿದೆ.

ಇನ್ನು ಪೇರೆಂಟ್, ಅಂದರೆ ಬೇರೆ ಕ್ಯಾಟಗರಿಯನ್ನು ತನ್ನೊಳಗೆ ಇಟ್ಟುಕೊಂಡಿರುವ ಕ್ಯಾಟಗರಿ; ಲಕೋಟೆಗೆ ಕಾಗದ ಇದ್ದ ಹಾಗೆ. ನನಗಿಂತ ಮುಂಚೆ ಕೆಲಸ ಮಾಡಿದವರು ‘ಪೋಷಕ ವರ್ಗ’ ಅಂತ ಇಟ್ಟಿದ್ದರು. ಓದಿ ನಕ್ಕುಬಿಟ್ಟೆ. ಶಾಲೆಯ ಶುಲ್ಕ ಏರಿದಾಗ ಆತಂಕಪಡುವವರು ಪೋಷಕ ವರ್ಗ, ಅಲ್ವಾ? ಸಿನಿಮಾದ ‘ಪೋಷಕ ಪಾತ್ರ’ ಬೇರೆ ನೆನಪಾಗುತ್ತದೆ, ಅಲ್ಲಿ ಪೋಷಕ ಅಂದರೆ ನಾಯಕನ ಪಕ್ಕದಲ್ಲಿ ನಿಲ್ಲುವವನು, ಇಲ್ಲಿ ನೋಡಿದರೆ ತನ್ನೊಳಗಿನದಕ್ಕೆಲ್ಲ ಮೇಲೆ ಇರುವುದೇ ಅದು. ಸರಿ, ‘ಮೇಲ್ವರ್ಗ’, ‘ಕೆಳವರ್ಗ’ ಅನ್ನೋಣವೇ? ‘ಲಕೋಟೆಯನ್ನು ಕೆಳವರ್ಗಕ್ಕೆ ಸೇರಿಸಿ’ ಅಂತ ಬರೆಯಲು ನನಗೆ ಕೈ ಬರಲಿಲ್ಲ. ‘ಹೈರಾರ್ಕಿ’ಗೆ ಬಳಕೆಯಲ್ಲಿರುವ ‘ಶ್ರೇಣೀಕೃತ’, ‘ಏಣಿಶ್ರೇಣಿ’ ಪದಗಳಿಗೂ ಜಾತಿಯ ಚರ್ಚೆಯ ವಾಸನೆ ಅಂಟಿಕೊಂಡಿದೆ. ಅದು ಹೋಗಲಿ ಅಂದರೂ, ಏಣಿಗೆ ಕವಲು ಇರುವುದಿಲ್ಲ. ಒಂದು ಮೆಟ್ಟಿಲ ಮೇಲೆ ಇನ್ನೊಂದು ಮೆಟ್ಟಿಲು, ಅಷ್ಟೇ. ಇಲ್ಲಿ ಇರುವುದು ತಲೆಕೆಳಗಾದ ಮರ, ಬೇರು ಮೇಲೆ, ತುದಿ ಕೆಳಗೆ.

‘ಉಪವರ್ಗ’ದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡೆ. ಮೂರನೇ ಹಂತಕ್ಕೆ ‘ಉಪ-ಉಪವರ್ಗ’, ನಾಲ್ಕಕ್ಕೆ ‘ಉಪ-ಉಪ-ಉಪ’, ತೊದಲಿದ ಹಾಗೆ. ಆಮೇಲೆ ‘ಉಪನದಿ’ ನೆನಪಾಯಿತು. ಉಪನದಿಗೆ ಬಂದು ಸೇರುವ ಹೊಳೆಯೂ ಆ ನದಿಯ ಉಪನದಿಯೇ, ಅದನ್ನು ಯಾರೂ ಉಪ-ಉಪನದಿ ಅನ್ನುವುದಿಲ್ಲ. ಅಂದರೆ ‘ಉಪ’ ಎಷ್ಟನೇ ಹಂತ ಅನ್ನುವುದನ್ನು ಹೇಳುತ್ತಿಲ್ಲ. ಯಾವುದಕ್ಕೆ ಸೇರಿದ್ದು ಅನ್ನುವುದನ್ನಷ್ಟೇ ಹೇಳುತ್ತಿದೆ. ಲೆಕ್ಕದಲ್ಲೂ ಹಾಗೇ ತಾನೇ, ಲಕೋಟೆಯ ಖರ್ಚು ಕಾಗದದ ಮೊತ್ತಕ್ಕೆ ಹರಿಯುತ್ತದೆ, ಕಾಗದದ್ದು ಕಚೇರಿ ಸಾಮಾನಿಗೆ.

ನನ್ನ ಗೊಂದಲದ ಗಂಟು ಇಲ್ಲೇ ಇತ್ತು ಅನಿಸುತ್ತದೆ. ಹಂತಕ್ಕೆ ಹೆಸರಿಡುವುದು ಬೇರೆ, ನಂಟಿಗೆ ಹೆಸರಿಡುವುದು ಬೇರೆ. ಜೀವಶಾಸ್ತ್ರದಲ್ಲಿ ವರ್ಗ, ಗಣ, ಕುಟುಂಬ ಅಂತ ಒಂದೊಂದು ಹಂತಕ್ಕೂ ಒಂದೊಂದು ಹೆಸರಿದೆ. ಸುಂಕಕ್ಕೆ ಬಳಸುವ ಎಚ್‌ಎಸ್ ಕೋಡಿನಲ್ಲೂ ಮೊದಲ 2 ಅಂಕಿ ಅಧ್ಯಾಯ, 4 ಅಂಕಿಗೆ ಶೀರ್ಷಿಕೆ, 6 ಅಂಕಿಗೆ ಉಪಶೀರ್ಷಿಕೆ. ಅಲ್ಲಿ ಹಂತಗಳು ಎಷ್ಟು ಅಂತ ಮೊದಲೇ ಗೊತ್ತು, ಹಾಗಾಗಿ ಹೆಸರಿಡಬಹುದು. ನಮ್ಮ ಸಾಫ್ಟ್‌ವೇರಿನಲ್ಲಿ ಬಳಸುವವರು ಎರಡು ಹಂತವನ್ನೂ ಮಾಡಬಹುದು, ಏಳನ್ನೂ ಮಾಡಬಹುದು. ಹಾಗಿದ್ದ ಮೇಲೆ ನಂಟಿನ ಪದ ಮಾತ್ರ ಸಾಕು.

ಸದ್ಯಕ್ಕೆ ‘ಗುಂಪು’ ಮತ್ತು ‘ಒಳಗುಂಪು’ ಇಟ್ಟುಕೊಂಡು ನೋಡುತ್ತಿದ್ದೇನೆ. ಪದ ಚೆನ್ನಾಗಿದೆಯೋ ಇಲ್ಲವೋ ಅಂತ ಸುಮ್ನೆ ಪಟ್ಟಿಯಲ್ಲಿ ನೋಡಿದರೆ ತಿಳಿಯುವುದಿಲ್ಲ, ತಪ್ಪು ತೋರಿಸುವ ಸಂದೇಶದಲ್ಲಿ ಕೂರಿಸಿ ನೋಡಬೇಕು. ‘ಈ ವರ್ಗಕ್ಕೆ ಮಕ್ಕಳಿರುವುದರಿಂದ ಅಳಿಸಲಾಗದು’ ಅಂತ ಹಳೆಯದರಲ್ಲಿ ಇತ್ತು, ಓದಿದರೆ ಪಾಪ ಅನಿಸುತ್ತದೆ. ಈಗ ‘ಈ ಗುಂಪಿನಲ್ಲಿ ಒಳಗುಂಪುಗಳಿವೆ, ಮೊದಲು ಅವನ್ನು ಬೇರೆಡೆಗೆ ಸರಿಸಿ’ ಅಂತ ಮಾಡಿದೆ. ಇನ್ನೊಂದು, ‘ಒಂದು ಗುಂಪನ್ನು ಅದರದ್ದೇ ಒಳಗುಂಪಿನೊಳಗೆ ಹಾಕಲಾಗದು’. ಪೂರ್ವಜ, ವಂಶಜ ಅಂತೆಲ್ಲ ಹೋಗದೆ ವಿಷಯ ತಲುಪುತ್ತದೆ. ಒಳಗೆ ಏನೂ ಇಲ್ಲದ, ನೇರವಾಗಿ ಸರಕನ್ನೇ ಸೇರಿಸುವ ಕೊನೆಯ ಗುಂಪಿಗೆ ಇಂಗ್ಲಿಷಿನಲ್ಲಿ ‘ಲೀಫ್’ ಅನ್ನುತ್ತಾರೆ, ಅದಕ್ಕೆ ‘ಎಲೆ’ಗಿಂತ ‘ತುದಿಗುಂಪು’ ವಾಸಿ ಅನಿಸಿತು.

ಉಳಿದದ್ದು ಪೇರೆಂಟ್ ಒಂದೇ. ‘ಹೊರಗುಂಪು’ ಅಂದರೆ ಹೊರಗಿನವರ ಗುಂಪು ಅನಿಸುತ್ತದೆ. ‘ಮೇಲಿನ ಗುಂಪು’ ಅಂದರೆ ಪರದೆಯಲ್ಲಿ ಒಂದು ಸಾಲು ಮೇಲೆ ಕಾಣುವ ಗುಂಪು ಅಂದುಕೊಂಡಾರು. ‘ತಾಯಿಬೇರು’ ಅನ್ನುತ್ತೇವಲ್ಲ, ಆ ದಾರಿಯಲ್ಲಿ ‘ತಾಯಿಗುಂಪು’ ಅಂತ ಒಂದು ಯೋಚನೆ ಇದೆ. ಕಿವಿಗೆ ಹಿತವಾಗಿದೆ, ಆದರೆ ಅದರ ಜೊತೆಗೆ ‘ಒಳಗುಂಪು’ ಹೊಂದುತ್ತದೆಯೋ, ‘ಮರಿಗುಂಪು’ ಆಗಬೇಕೋ? ಇಲ್ಲಾ ಆ ಜಾಗದಲ್ಲಿ ನಾಮಪದವನ್ನೇ ಬಿಟ್ಟು ‘ಯಾವ ಗುಂಪಿನೊಳಗೆ?’ ಅಂತ ಕೇಳಿಬಿಡಬಹುದೇ? ಲೆಕ್ಕಪತ್ರದ ಕೆಲಸದಲ್ಲಿ ಇರುವವರು ಬಾಯಿಮಾತಿನಲ್ಲಿ ಏನನ್ನುತ್ತೀರಿ ಅನ್ನುವುದನ್ನು ದಯವಿಟ್ಟು ತಿಳಿಸಿ.

ಅಂದ ಹಾಗೆ, ‘ರೆಕಾರ್ಡ್’ಗೆ ‘ದಾಖಲೆ’ ಬೇಡ ಅಂತ ‘ನಮೂದು’ ಮಾಡಿದ್ದೇನೆ. ‘ದಾಖಲೆ ಅಳಿಸಿ’ ಅನ್ನುವ ಬಟನ್ ಒತ್ತಲು ಯಾರಿಗಾದರೂ ಭಯವಾಗುತ್ತದೆ.